ಏಳನೇ ಗಾಡಿಯ ಹಾರ್ನು

ಯಂಕೇಶ ಮೊದಲ ಸಲ ಆ ವೈರು ಬಿಚ್ಚಿದ್ದು ಹಲ್ಲುನೋವಿನ ಕಾಟಕ್ಕೆ.

ಕುಷ್ಟಗಿಯಿಂದ ಹನುಮಸಾಗರದ ಕಡೆ ಹೋಗುವಾಗ ಎಡಗಡೆಗೆ ಸಿಗುವ ಗುಡ್ಡಸಾಲಿನಲ್ಲಿ ಕೆಂಪು ಕಲ್ಲಿನ ಒಂದು ಕ್ವಾರಿ. ಅಲ್ಲಿ ಅವನು ಒಂಬತ್ತು ವರ್ಷದಿಂದ ಏಳನೇ ನಂಬರಿನ ಹತ್ತು ಗಾಲಿಯ ಡಂಪರ್ ಓಡಿಸುತ್ತಿದ್ದ. ಅಳತೆಗೆ ಸರಿಯಾಗಿ ಕೊಯ್ದ ಬಂಡೆಗಳನ್ನು ಒಯ್ಯಲು ಬೇರೆ ಲಾರಿಗಳು ಬರುತ್ತಿದ್ದವು. ಯಂಕೇಶನ ಪಾಲಿಗೆ ಒಡೆದ ಕಲ್ಲು, ಬಿರುಕು ಬಿಟ್ಟ ಕಲ್ಲು, ಯಾರಿಗೂ ಬೇಡವಾದ ಕಲ್ಲು. ಅದನ್ನು ಹೇರಿಕೊಂಡು ಗುಡ್ಡದ ಅಂಚಿನ ತಿಪ್ಪೆಗೆ ಒಯ್ಯುವುದು, ಗಾಡಿಯನ್ನು ಹಿಮ್ಮುಖ ಮಾಡಿ ಅಂಚಿನವರೆಗೆ ಸರಿಸುವುದು, ಸುರಿಯುವುದು, ತಿರುಗಿ ಬರುವುದು. ಒಂದು ಪಾಳಿಯಲ್ಲಿ ಮೂವತ್ತು ನಲವತ್ತು ಸಲ ರಿವರ್ಸ್ ಹಾಕಬೇಕು. ರಿವರ್ಸ್ ಹಾಕಿದಾಗಲೆಲ್ಲ ಗಾಡಿಯ ಹಿಂದಿನ ಹಾರ್ನು ಪೀಂ, ಪೀಂ ಎಂದು ಒದರುತ್ತದೆ. ಹಿಂದೆ ಇದ್ದವರು ಎದ್ದು ಸರಿಯಲಿ ಎಂದೇ ಅದನ್ನು ಇಟ್ಟದ್ದು.

ಆ ತಿಂಗಳು ಯಂಕೇಶನ ಬಲಗಡೆಯ ದವಡೆ ಹಲ್ಲಿನ ವಸಡು ಬಾತಿತ್ತು. ಒಂದೊಂದು ಪೀಂ ಅನ್ನುವಾಗಲೂ ದವಡೆಗೆ ಸುತ್ತಿಗೆಯಿಂದ ಬಡಿದ ಹಾಗೆ ಆಗುತ್ತಿತ್ತು. ಒಂದು ದಿನ ತಡೆಯಲಾರದೆ ಇಳಿದು ಹೋಗಿ, ಎಡಗಡೆಯ ಹಿಂದಿನ ದೀಪದ ಬೆನ್ನಿಗಿದ್ದ ಸಾಕೆಟ್ಟನ್ನು ಎಳೆದು ಬಿಚ್ಚಿದ. ಹಾರ್ನು ಬಂದಾಯಿತು. ಪಾಳಿ ಮುಗಿಯುವ ಹೊತ್ತಿಗೆ ನೆನಪಿಟ್ಟು ಮತ್ತೆ ಸಿಕ್ಕಿಸಿದ. ಎಂಟು ದಿನ ಬಿಟ್ಟು ಹಲ್ಲು ಕೀಳಿಸಿಕೊಂಡ, ನೋವು ಹೋಯಿತು. ವೈರು ಬಿಚ್ಚುವ ರೂಢಿ ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಬಿಚ್ಚುವುದು, ಮಧ್ಯಾಹ್ನ ಎರಡಕ್ಕೆ ಹಚ್ಚುವುದು. ಫೋರಮನ್ ದೊಡ್ಡಬಸಪ್ಪ ಒಮ್ಮೆ ಕಂಡಿದ್ದ. ಕಂಡರೂ, "ಸಾಹೇಬ್ರು ಬರೋ ದಿನ ಹಚ್ಚಿರಪಾ, ನನ್ನ ಕುತ್ತಿಗಿಗೆ ತರಬ್ಯಾಡ" ಎಂದು ಹೇಳಿ ಮುಂದೆ ಹೋಗಿದ್ದ.

ಅವನ ಪಾಳಿ ಮುಗಿದ ಮೇಲೆ ಅದೇ ಗಾಡಿ ಹತ್ತುತ್ತಿದ್ದವನು ಜಿಲಾನಸಾಬ. ಐವತ್ತೆರಡರ ಮನುಷ್ಯ. ಯಂಕೇಶ ಕ್ಲೀನರ್ ಆಗಿ ಬಂದ ಹೊಸದರಲ್ಲಿ ಅವನ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸಿದವನು. ಯಂಕೇಶ ಅವನನ್ನು ಕಾಕಾ ಎನ್ನುತ್ತಿದ್ದ. ಜಿಲಾನಸಾಬ ಗಾಡಿ ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬರದೆ ಇರುತ್ತಿರಲಿಲ್ಲ. ಗಾಲಿಗೆ ಕಲ್ಲು ಸಿಕ್ಕಿದೆಯೇ, ಎಣ್ಣೆ ಸೋರಿದೆಯೇ, ಬ್ರೇಕಿನ ಪೈಪು ಹೇಗಿದೆ ಎಂದು ಕೂತು, ಬಗ್ಗಿ, ಮುಟ್ಟಿ ನೋಡುವವನು. ಉಳಿದ ಡ್ರೈವರುಗಳು ನಗುತ್ತಿದ್ದರು. "ಹೆಣ್ಣ ನೋಡಾಕ ಹೋದಂಗ ನೋಡ್ತಾನ ನೋಡ್ರಿ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ, ನಕ್ಕು ಮತ್ತೆ ಬಗ್ಗುತ್ತಿದ್ದ.

ಕಳೆದ ಫೆಬ್ರುವರಿಯ ಆ ಮಂಗಳವಾರ ಯಂಕೇಶನಿಗೆ ಅವಸರವಿತ್ತು. ಹೆಂಡತಿ ರಂಜಿತಾಳ ತಂಗಿಯನ್ನು ನೋಡಲು ಗಂಗಾವತಿಯಿಂದ ಬೀಗರು ಬರುವವರಿದ್ದರು. ಮೂರಕ್ಕೆ ಮನೆಯಲ್ಲಿರಬೇಕು ಎಂದು ಅವಳು ಎರಡು ಸಲ ಫೋನ್ ಮಾಡಿದ್ದಳು. ಅವನು ಗಾಡಿಯನ್ನು ಬಂಡೆಗೆ ಮೂತಿ ಹಚ್ಚಿ ನಿಲ್ಲಿಸಿ ಕೆಳಗೆ ಹಾರಿದ. ತಪಾಸಣೆಯ ಹಾಳೆಯಲ್ಲಿ ಹದಿನಾಲ್ಕು ಸಾಲು. ಬ್ರೇಕು, ಹ್ಯಾಂಡ್ ಬ್ರೇಕು, ಟೈರು, ದೀಪ, ರಿವರ್ಸ್ ಹಾರ್ನು. ನಿಂತಲ್ಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಹದಿನಾಲ್ಕಕ್ಕೂ ಸರಿ ಗುರುತು ಎಳೆದ. ಎದುರಿಗೆ ಜಿಲಾನಸಾಬ ಬಂದ.

"ಎಲ್ಲಾ ನೋಡೀಯೇನಪಾ?"

"ನೋಡೀನಿ ಕಾಕಾ, ಬರೋಬ್ಬರಿ ಐತಿ. ಹತ್ತು ನೀ. ಲೋಡ್ ಮಾಡೋ ಮಿಷನ್ ಕಾಯಾಕತ್ತೈತಿ."

ಮಿಷನ್ನಿನವನು ನಿಜಕ್ಕೂ ಕೈ ಬೀಸಿ ಕರೆಯುತ್ತಿದ್ದ. ಜಿಲಾನಸಾಬ ಒಂದು ಗಳಿಗೆ ಗಾಡಿಯ ಕಡೆ ನೋಡಿದ, ಯಂಕೇಶನ ಮುಖ ನೋಡಿದ. ಆಮೇಲೆ ಸುತ್ತು ಬರದೆ ಹತ್ತಿ ಕೂತ.

ಯಂಕೇಶ ನೀರಿನ ಟಾಕಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಕೂಗು ಕೇಳಿತು. ಅದು ಮನುಷ್ಯನ ಕೂಗು ಅಂತ ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಓಡಿದ.

ಡ್ರಿಲ್ಲಿಂಗ್ ಕೆಲಸದ ಆದೆಪ್ಪ ಗಾಡಿಯ ಹಿಂದೆ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಗಾಳಿಯ ಪೈಪು ಜೋಡಿಸುತ್ತಿದ್ದನಂತೆ. ಅವನ ಬೆನ್ನು ಗಾಡಿಯ ಕಡೆಗಿತ್ತು. ಕನ್ನಡಿಯಲ್ಲಿ ಅಷ್ಟು ತಗ್ಗಿನಲ್ಲಿ ಕೂತವರು ಕಾಣುವುದಿಲ್ಲ. ಜಿಲಾನಸಾಬ ಎರಡೂ ಕನ್ನಡಿ ನೋಡಿಯೇ ಗಾಡಿಯನ್ನು ಹಿಂದಕ್ಕೆ ಬಿಟ್ಟಿದ್ದ. ನಾಲ್ಕು ಮಾರು ಸರಿದಿರಬೇಕು. ಹಿಂದಿನ ಗಾಲಿ ಆದೆಪ್ಪನ ಎಡಗಾಲಿನ ಮೇಲೆ ಹತ್ತಿ ನಿಂತಿತ್ತು.

ಜಿಲಾನಸಾಬ ಎಂಜಿನ್ ಬಂದ್ ಮಾಡಿ ಕೆಳಗೆ ಹಾರಿದ್ದ. ಜನ ಓಡಿ ಬಂದರು. ಗಾಡಿ ಮುಂದೆ ತೆಗೆ ಅಂತ ಕೆಲವರು, ಅಲುಗಿಸಬೇಡ ಅಂತ ಕೆಲವರು ಕಿರುಚಾಡುತ್ತಿದ್ದರು. ಜಾಕು ತರಲು ಒಬ್ಬ ಓಡಿದ. ಯಂಕೇಶ ಎಡಗಡೆಯಿಂದ ಬಂದ. ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಆದೆಪ್ಪನಲ್ಲ. ದೀಪದ ಬೆನ್ನಿಗೆ ಜೋತಾಡುತ್ತಿದ್ದ ಆ ಸಾಕೆಟ್ಟು. ಅವನ ಕೈ ತಾನಾಗಿಯೇ ಮೇಲೆ ಹೋಯಿತು. ಟಕ್ ಎಂದು ಸಿಕ್ಕಿಸಿತು. ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿತ್ತು.

ಆಮೇಲೆ ಅವನು ಮೊಣಕಾಲೂರಿ, ಕೊರಳಲ್ಲಿದ್ದ ಟವೆಲ್ಲನ್ನು ಆದೆಪ್ಪನ ತೊಡೆಗೆ ಬಿಗಿದು, ಒಂದು ಕೋಲು ಸಿಕ್ಕಿಸಿ ತಿರುವಿ ರಕ್ತ ನಿಲ್ಲಿಸಿದ. ಕಂಪನಿಯವರು ಕೊಟ್ಟ ತರಬೇತಿಯಲ್ಲಿ ಕಲಿತದ್ದು. ಜಾಕಿನಿಂದ ಗಾಲಿ ಎತ್ತಿ ಆದೆಪ್ಪನನ್ನು ಹೊರಗೆ ಎಳೆದರು. ಜೀಪಿನಲ್ಲಿ ಕುಷ್ಟಗಿಯವರೆಗೂ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಆದೆಪ್ಪಣ್ಣಾ, ಕಣ್ಣ ಮುಚ್ಚಬ್ಯಾಡ, ನನ್ನ ನೋಡು, ನನ್ನ ಕೂಡ ಮಾತಾಡು" ಎಂದು ಹೇಳುತ್ತಲೇ ಹೋದ. ಕುಷ್ಟಗಿಯಿಂದ ಬಾಗಲಕೋಟೆಗೆ ಕಳಿಸಿದರು. ಮೊಣಕಾಲಿನ ಕೆಳಗಿನ ಭಾಗ ಉಳಿಯಲಿಲ್ಲ. ಜೀವ ಉಳಿಯಿತು.

"ನೀವು ಕಟ್ಟಿದ್ದಕ್ಕ ಮನುಷ್ಯಾ ಉಳದಾನ" ಎಂದು ಅಲ್ಲಿಯ ಡಾಕ್ಟರು ಯಂಕೇಶನ ಬೆನ್ನು ತಟ್ಟಿದರು. ಆದೆಪ್ಪನ ಹೆಂಡತಿ ಹುಲಗೆಮ್ಮ ವಾರ್ಡಿನ ಬಾಗಿಲಲ್ಲೇ ಅವನ ಕಾಲು ಹಿಡಿದುಬಿಟ್ಟಳು. "ಯಕ್ಕಾ, ಬ್ಯಾಡ, ಏಳು, ನಿನಗ ಕೈ ಮುಗೀತೀನಿ" ಎಂದು ಅವನು ಹಿಂದೆ ಸರಿದ. ಸಂಕೋಚದ ಮನುಷ್ಯ ಎಂದುಕೊಂಡರು ನೋಡಿದವರು.

ಮೂರನೇ ದಿನ ಗಣಿ ಸುರಕ್ಷತೆಯ ಅಧಿಕಾರಿ ಬಂದರು. ಅಲ್ಲಿಯವರೆಗೆ ಏಳನೇ ಗಾಡಿಯನ್ನು ಯಾರೂ ಮುಟ್ಟದ ಹಾಗೆ ಹಗ್ಗ ಕಟ್ಟಿ ಇಟ್ಟಿದ್ದರು. ಅಧಿಕಾರಿ ಬ್ರೇಕು ನೋಡಿದರು, ಕನ್ನಡಿ ನೋಡಿದರು, ಹಾಳೆ ನೋಡಿದರು. ಆಮೇಲೆ ಜಿಲಾನಸಾಬನನ್ನು ಕರೆದು ಕೇಳಿದರು.

"ಹಾರ್ನ್ ಆಗಿತ್ತೇನು?"

"ಇಲ್ರಿ ಸಾಹೇಬ್ರ. ಆಗಿದ್ದಿಲ್ಲ. ಯಾಕ ಆಗವಲ್ದು ಅಂತ ಅನ್ಕೊಳ್ಳೂದ್ರಾಗ ಕೂಗು ಕೇಳಿಸ್ತ್ರಿ."

ಅಧಿಕಾರಿ ಬೇರೆಯವನನ್ನು ಹತ್ತಿಸಿ ರಿವರ್ಸ್ ಹಾಕಿಸಿದರು. ಪೀಂ, ಪೀಂ, ಪೀಂ. ಹಾರ್ನು ಗುಡ್ಡಕ್ಕೆಲ್ಲ ಕೇಳುವ ಹಾಗೆ ಒದರಿತು. ಮೂರು ಸಲ ಮಾಡಿಸಿದರು, ಮೂರು ಸಲವೂ ಒದರಿತು. ಜಿಲಾನಸಾಬ ಗಾಡಿಯ ಹಿಂಭಾಗವನ್ನೇ ನೋಡುತ್ತ ನಿಂತ. ಯಾರೋ ತನ್ನ ಮಾತನ್ನು ಬಾಯಿಂದ ಕಿತ್ತುಕೊಂಡ ಹಾಗೆ ಅವನ ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು.

ಉಳಿದ ಕೆಲಸದವರನ್ನೂ ಕೇಳಿದರು. ಇಬ್ಬರು ಲಕ್ಷ್ಯ ಇರಲಿಲ್ಲ ಎಂದರು. ಮೂರನೆಯವನು, "ಆಗಿತ್ತ್ರಿ, ದಿನಾ ಆಕ್ಕೈತಲ್ರಿ" ಎಂದ. ಅವನು ಸುಳ್ಳು ಹೇಳಲಿಲ್ಲ. ದಿನವೂ ಕೇಳುವ ಸಪ್ಪಳ ಆ ದಿನವೂ ಕೇಳಿತ್ತು ಎಂದು ಅವನು ನಂಬಿದ್ದ. ಆದೆಪ್ಪನಿಗೆ ಪೈಪು ಹಿಡಿದು ಕೂತ ಮೇಲೆ ಆದದ್ದು ಏನೂ ನೆನಪಿಲ್ಲ ಎಂದು ಬಾಗಲಕೋಟೆಯಿಂದ ಬರೆದು ತಂದಿದ್ದರು. ಕಡೆಗೆ ಯಂಕೇಶನ ಸರದಿ.

"ನಿನ್ನ ಪಾಳಿಯೊಳಗ ಹಾರ್ನ್ ಬರೋಬ್ಬರಿ ಇತ್ತೇನು?"

"ಇತ್ತ್ರಿ."

ಒಂದೇ ಮಾತು. ಹೇಳುವಾಗ ಜಿಲಾನಸಾಬನ ಕಡೆ ನೋಡಬಾರದು ಎಂದುಕೊಂಡಿದ್ದ. ನೋಡಿದ. ಮುದುಕ ಇವನ ಮಾತಿಗೆ ತಲೆಯಾಡಿಸುತ್ತಿದ್ದ. ನೀನು ಹೇಳಿದರೆ ಹಾಗೇ ಇರಬೇಕು ಎನ್ನುವಂತೆ.

ಜಿಲಾನಸಾಬನನ್ನು ಕೆಲಸದಿಂದ ನಿಲ್ಲಿಸಿದರು. ಪೊಲೀಸರು ಅಜಾಗರೂಕತೆಯ ಕೇಸು ಹಾಕಿ ಲೈಸೆನ್ಸ್ ತೆಗೆದುಕೊಂಡರು. ಕ್ವಾರಿಯಲ್ಲಿ ಜನ ಎರಡು ಮಾತಾಡಿಕೊಂಡರು. ಕಿವಿ ಹೋಗಿದ್ದರೆ ಹೇಳಬೇಕಿತ್ತು ಎಂದು ಕೆಲವರು, ತಪ್ಪು ಮಾಡಿ ಹಾರ್ನಿನ ಮೇಲೆ ಹಾಕುತ್ತಾನೆ ಎಂದು ಕೆಲವರು. ಇಪ್ಪತ್ತೆಂಟು ವರ್ಷ ಗಾಡಿಯ ಸುತ್ತ ಬಗ್ಗಿ ನೋಡಿದ ಮನುಷ್ಯ ಹದಿನೈದು ದಿನದಲ್ಲಿ ಸುಳ್ಳುಗಾರನಾದ. ಯಂಕೇಶನಿಗೆ ಮಾತ್ರ ಕಂಪನಿಯವರು ಶಾಲು ಹೊದಿಸಿ ಫೋಟೋ ತೆಗೆಸಿದರು. ಅವನು ಶಾಲನ್ನು ಮನೆಗೆ ತಂದು ಟ್ರಂಕಿನ ತಳಕ್ಕೆ ತುರುಕಿದ. ರಂಜಿತಾ ಹೊರಗೆ ತೆಗೆದು ಬಂದವರಿಗೆ ತೋರಿಸಿದಾಗ ಅವಳ ಮೇಲೆ ರೇಗಿದ. ಈಗ ಅವನು ವೈರು ಬಿಚ್ಚುತ್ತಿರಲಿಲ್ಲ. ದಿನಕ್ಕೆ ನಲವತ್ತು ಸಲ ಆ ಸಪ್ಪಳವನ್ನು ಪೂರಾ ಕೇಳುತ್ತಿದ್ದ. ಅದರಿಂದ ಏನೂ ಹಗುರವಾಗಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಕುಷ್ಟಗಿಯ ಜಿಲಾನಸಾಬನ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಒಳಗೆ ಜಿಲಾನಸಾಬ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಹಿಂದೆ ಹೆಂಡತಿ ಹುಸೇನಬೀ ತಾಟು, ಚಮಚ ಹಿಡಿದು ನಿಂತಿದ್ದಳು. ಅವಳು ಮೆಲ್ಲಗೆ ತಾಟಿಗೆ ಬಡಿಯುವುದು, ಇವನು ಕೈ ಎತ್ತುವುದು. ಅವಳು ಇನ್ನೂ ಎರಡು ಹೆಜ್ಜೆ ಹಿಂದೆ ಸರಿಯುವುದು, ಮತ್ತೆ ಬಡಿಯುವುದು.

ಯಂಕೇಶನನ್ನು ಕಂಡು ಹುಸೇನಬೀಗೆ ನಾಚಿಕೆಯಾಯಿತು. "ನೋಡಪಾ, ದಿನಾ ಇದ ಆಗೇತಿ. ಕೆಲಸಿಲ್ಲ ಬೊಗಸಿಲ್ಲ, ತಾಟ ಬಡಿ ಅಂತಾರ. ಎಲ್ಲಾ ಕೇಳತೈತಿ ಅಂದ್ರ ನಂಬಂಗಿಲ್ಲ."

"ಮನ್ಯಾಗಿಂದ ಬ್ಯಾರೆ, ಗಾಡ್ಯಾಗಿಂದ ಬ್ಯಾರೆ" ಎಂದ ಜಿಲಾನಸಾಬ. "ಯಂಕ್ಯಾ, ಖರೆ ಹೇಳ್ತೀನಿ, ನನಗ ಹಾರ್ನ್ ಕೇಳಿಸಲಿಲ್ಲ. ಸಾಹೇಬ್ರು ಹಾಕಿಸಿದ್ರ ಒದರ್ತು. ನೀನೂ ಇತ್ತು ಅಂದಿ. ಹಂಗಾರ ತಪ್ಪ ಎಲ್ಲೈತಿ? ನನ್ನಾಗ ಐತಿ. ಕೊಪ್ಪಳಕ್ಕ ಕಿವಿ ನೋಡೋ ಡಾಕ್ಟರ್ ಬರ್ತಾರಂತ. ಒಬ್ಬನ ಹೋಗಾಕ ಯಾಕೋ ಧೈರ್ಯಾಗವಲ್ದು. ಬರ್ತೀಯೇನು?"

ಹೇಳಲೆಂದೇ ಹೋಗಿದ್ದ ಯಂಕೇಶ "ಬರ್ತೀನಿ ಕಾಕಾ" ಎಂದಷ್ಟೇ ಹೇಳಿ ಬಂದ.

ಬುಧವಾರ ಇಬ್ಬರೂ ಕೊಪ್ಪಳದ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಜಿಲಾನಸಾಬ ಕಿಟಕಿಯ ಹೊರಗೆ ಕೈ ತೋರಿಸುತ್ತ, ಅಲ್ಲಿ ಕೇಳುವ ಸಪ್ಪಳ ನಿನಗೂ ಕೇಳಿಸುತ್ತದೆಯೇ, ಎದುರಿನ ಲಾರಿಯ ಹಾರ್ನು ಎಷ್ಟು ದೂರದಿಂದ ಕೇಳಿತು ಎಂದು ಕೇಳುತ್ತಲೇ ಇದ್ದ. ಯಂಕೇಶ ಎಲ್ಲದಕ್ಕೂ ಹೂಂ ಎಂದ.

ದವಾಖಾನೆಯಲ್ಲಿ ಒಂದು ಗಾಜಿನ ಗೂಡಿನಂಥ ಕೋಣೆ. ಜಿಲಾನಸಾಬನನ್ನು ಒಳಗೆ ಕೂಡಿಸಿ ಎರಡೂ ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕಿದರು. ಸಪ್ಪಳ ಕೇಳಿದ ಕೂಡಲೇ ಬೆರಳು ಎತ್ತಬೇಕು ಎಂದು ಪರೀಕ್ಷೆ ಮಾಡುವ ಹುಡುಗಿ ಹೇಳಿದಳು. ಯಂಕೇಶ ಹೊರಗೆ ನಿಂತು ಗಾಜಿನಲ್ಲಿ ನೋಡಿದ. ಸಾಲೆಯಲ್ಲಿ ಮಾಸ್ತರ ಮುಂದೆ ಕೂತ ಹುಡುಗನ ಹಾಗೆ ಜಿಲಾನಸಾಬ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದ. ಬೆರಳು ಏಳುತ್ತಿತ್ತು. ಇಳಿಯುತ್ತಿತ್ತು. ಮತ್ತೆ ಏಳುತ್ತಿತ್ತು. ಒಂದು ಸಪ್ಪಳವೂ ತಪ್ಪಬಾರದು ಎಂದು ಮುಖವೆಲ್ಲ ಗಂಟಿಕ್ಕಿಕೊಂಡಿತ್ತು. ವರ್ಷಗಟ್ಟಲೆ ಗ್ರೀಸು ಮೆತ್ತಿ ಕಪ್ಪಾದ ಆ ಬೆರಳು ಏಳುವುದನ್ನು ನೋಡುತ್ತ ನಿಲ್ಲಲಾಗದೆ ಯಂಕೇಶ ಹೊರಗಿನ ಕಟ್ಟೆಗೆ ಹೋಗಿ ಕೂತ.

ಅರ್ಧ ತಾಸಿನ ಮೇಲೆ ಜಿಲಾನಸಾಬ ಚೀಟಿ ಹಿಡಿದು ಬಂದ. ಮುಖದಲ್ಲಿ ಸಂತೋಷವಿರಲಿಲ್ಲ.

"ಏನಂದ್ರು?"

"ವಯಸ್ಸಿಗೆ ತಕ್ಕಂಗ ಅದಾವಂತ. ಸಣ್ಣ ಸಪ್ಪಳ ಒಂದೀಟು ತ್ರಾಸಂತ. ಹಾರ್ನ್ ಕೇಳದಷ್ಟು ಏನೂ ಆಗಿಲ್ಲ ಅಂದ್ರು." ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತ ಮೇಲೆ ತನ್ನಷ್ಟಕ್ಕೇ ಎಂಬಂತೆ ಹೇಳಿದ. "ಕಿವಿ ಛಲೋ ಅದಾವಂದ್ರ ತಲಿ ಕೆಟ್ಟಿರಬೇಕು. ಹಾರ್ನ್ ಆಗೇತಿ, ನಾ ಕೇಳೀನಿ, ಕೇಳಿ ಇಲ್ಲ ಅಂತೀನಿ. ಆದೆಪ್ಪನ ಕಾಲ ಮುರಿದು, ಮ್ಯಾಲ ಸುಳ್ಳೂ ಹೇಳಾಕತ್ತೀನಿ, ಅದೂ ನನಗ ತಿಳೀವಲ್ದು. ಇನ್ನ ಧಾರವಾಡದ ಹುಚ್ಚರ ದವಾಖಾನಿನ ಗತಿ ನನಗ."

ಹೇಳಿ ನಗಲು ನೋಡಿದ.

"ಕಾಕಾ, ಹಾರ್ನ್ ಆಗಿದ್ದಿಲ್ಲ."

ಜಿಲಾನಸಾಬ ತಿರುಗಿ ನೋಡಿದ.

"ಆಗಿದ್ದಿಲ್ಲ. ವೈರ್ ನಾ ಬಿಚ್ಚಿದ್ದೆ. ದಿನಾ ಬಿಚ್ಚತಿದ್ದೆ. ದಿನಾ ಹಚ್ಚಿ ಹೋಗ್ತಿದ್ದೆ. ಅವತ್ತ ಅವಸರದಾಗ ಮರತೆ. ಎಲ್ಲಾ ನೋಡೀನಿ ಅಂತ ನಿನಗ ಸುಳ್ಳ ಹೇಳಿದೆ."

ಗಂಗಾವತಿಯ ಬಸ್ಸು ಬಂದು ನಿಂತಿತು. ಜನ ನುಗ್ಗಿ ಹತ್ತಿದರು, ಬಸ್ಸು ಹೊರಟಿತು. ಜಿಲಾನಸಾಬನ ಮುಖದ ಮೇಲೆ ಮೊದಲು ಬಂದದ್ದು ಸಿಟ್ಟಲ್ಲ. ದೊಡ್ಡ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. ತನ್ನ ಕಿವಿಯನ್ನು ಒಮ್ಮೆ ಕೈಯಿಂದ ಮುಟ್ಟಿಕೊಂಡ. ಆಮೇಲೆ ನಿಧಾನಕ್ಕೆ ಕೇಳಿದ.

"ಸಾಹೇಬ್ರು ಹಾಕಿಸಿದಾಗ ಒದರ್ತಲ್ಲ?"

"ನಾನ ಹಚ್ಚಿದ್ದೆ."

"ಯಾವಾಗ?"

"ಓಡಿ ಬಂದ್ನಲ್ಲ, ಆವಾಗ."

"ಆದೆಪ್ಪ ಗಾಲಿ ಕೆಳಗ ಇದ್ದಾಗ?"

"ಹೌದು."

ಜಿಲಾನಸಾಬ ಅವನ ಕೈಗಳನ್ನು ನೋಡಿದ. "ಮೊದಲ ವೈರ್ ಹಚ್ಚಿದ್ಯೋ, ಮೊದಲ ಟವೆಲ್ ಕಟ್ಟಿದ್ಯೋ?"

ಯಂಕೇಶನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನೇ ತನ್ನನ್ನು ದಿನವೂ ಕೇಳಿಕೊಳ್ಳುತ್ತಿದ್ದ. "ಮೊದಲ ವೈರ್" ಎಂದ.

ಕುಷ್ಟಗಿಯ ಬಸ್ಸು ಬಂದಾಗ ಜಿಲಾನಸಾಬ ಎದ್ದು ಹತ್ತಿದ. ಮುಂದಿನ ಸೀಟಿನಲ್ಲಿ ಯಾರೋ ಅಪರಿಚಿತರ ಪಕ್ಕ ಕೂತ. ಹಿಂದೆ ಎರಡು ಸೀಟು ಖಾಲಿ ಇದ್ದವು. ಯಂಕೇಶ ಅಲ್ಲಿ ಒಬ್ಬನೇ ಕೂತು ಬಂದ. ಇಳಿಯುವಾಗ ಜಿಲಾನಸಾಬ ಒಂದೇ ಮಾತು ಹೇಳಿದ. "ನನಗ ಹೇಳಿದ್ರ ಮುಗೀಲಿಲ್ಲ."

ಮರುದಿನ ಬೆಳಿಗ್ಗೆ ಯಂಕೇಶ ಫೋರಮನ್ನನ ಶೆಡ್ಡಿಗೆ ಹೋಗಿ ಎಲ್ಲ ಹೇಳಿದ. ದೊಡ್ಡಬಸಪ್ಪ ಎದ್ದು ಬಾಗಿಲು ಹಾಕಿ ಬಂದ.

"ನಿನಗೇನರೆ ಬುದ್ಧಿ ಐತೇನು? ವರದಿ ಹೋಗೇತಿ. ಮುದುಕಗ ಮತ್ತೊಂದು ಕೆಲಸ ನಾ ಕೊಡಿಸ್ತೀನಿ, ಗೇಟಿಗೆ ಕುಂದರಸೋಣು. ಆದೆಪ್ಪಗ ಪರಿಹಾರ ಬರತೈತಿ. ಎಲ್ಲಾ ತಣ್ಣಗಾಗೇತಿ, ಯಾಕ ಕೆದರತೀ?"

"ಕಾಕಾ ತನ್ನ ಕಿವೀನ ನಂಬದಂಗ ಆಗ್ಯಾನ್ರಿ."

"ನನ್ನ ಹೆಸರ ಬರತೈತೋ ಇಲ್ಲೋ?"

ಅದು ದೊಡ್ಡಬಸಪ್ಪನ ನಿಜವಾದ ಭಯ. ಬಿಚ್ಚಿದ್ದನ್ನು ಅವನೂ ಕಂಡಿದ್ದನಲ್ಲ. ಯಂಕೇಶ ಸ್ವಲ್ಪ ಯೋಚಿಸಿ, "ಕೇಳಿದ್ರ ಹೇಳ್ತೀನ್ರಿ" ಎಂದ. ದೊಡ್ಡಬಸಪ್ಪ ಹಣೆ ಹಿಡಿದುಕೊಂಡು ಕೂತ. "ಹೋಗು, ಏನ್ ಮಾಡ್ತೀಯೋ ಮಾಡು" ಎಂದ.

ಯಂಕೇಶ ಹೇಳಿಕೆಯನ್ನು ತನ್ನ ಕೈಯಿಂದಲೇ ಬರೆದ. ಎರಡು ಪುಟವಾಯಿತು. ಸುರಕ್ಷತೆಯ ಅಧಿಕಾರಿಗೆ ಒಂದು, ಪೊಲೀಸರಿಗೆ ಒಂದು. ಮನೆಗೆ ಬಂದು ರಂಜಿತಾಗೆ ಹೇಳಿದ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಟ್ರಂಕು ತೆಗೆದು ಶಾಲನ್ನು ಮಡಚಿ ಅವನ ಕೈಗೆ ಕೊಟ್ಟು, "ಇದನ್ನ ಮೊದಲ ವಾಪಸ್ ಕೊಟ್ಟು ಬಾ" ಎಂದಳು.

ಎಲ್ಲಕ್ಕಿಂತ ಕಷ್ಟದ್ದು ಇನ್ನೂ ಉಳಿದಿತ್ತು. ಆದೆಪ್ಪನ ಊರು ಯಲಬುರ್ಗಾದಿಂದ ಎರಡು ಹರದಾರಿ. ಯಂಕೇಶ ಯಲಬುರ್ಗಾದಲ್ಲಿ ಇಳಿದು, ಆ ಕಡೆಗೆ ಹೋಗುವ ಗಾಡಿ ಸಿಕ್ಕರೂ ಹತ್ತದೆ, ಎರೆಹೊಲದ ನಡುವಿನ ದಾರಿಯಲ್ಲಿ ನಡೆದೇ ಹೋದ. ಕಡಲೆ ಕಿತ್ತು ಹೊಲಗಳು ಬೋಳಾಗಿದ್ದವು. ಆದೆಪ್ಪ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಇವನನ್ನು ಕಂಡು ಮುಖ ಅರಳಿತು. "ಬಾರಪಾ ಯಂಕೇಶಾ. ಏ ಇವಳ, ನೀರ ತಗೊಂಡ ಬಾ, ಯಾರ ಬಂದಾರ ನೋಡು" ಎಂದು ಕೂಗಿದ.

ಯಂಕೇಶ ಕೂಡಲಿಲ್ಲ, ನೀರು ಮುಟ್ಟಲಿಲ್ಲ. ನಿಂತೇ ಎಲ್ಲ ಹೇಳಿದ. ವೈರು ಮೊದಲು ಎಂಬುದನ್ನೂ ಹೇಳಿದ. ಹುಲಗೆಮ್ಮ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಆದೆಪ್ಪ ತನ್ನ ಮೋಟು ಕಾಲನ್ನು ಕೈಯಿಂದ ಸವರಿದ. ಆಮೇಲೆ, "ಯಾಕ ಬಿಚ್ಚಿದ್ದಿ?" ಎಂದ.

"ಮೊದಲ ಹಲ್ಲ ನೋಯತಿತ್ತು ಅಣ್ಣಾ. ಆ ಸಪ್ಪಳಕ್ಕ ಭಾಳ ತ್ರಾಸಾಕ್ಕಿತ್ತು. ಆಮ್ಯಾಲ ರೂಢಿ ಬಿತ್ತು."

"ಹಲ್ಲು?"

"ಹೌದಣ್ಣಾ."

"ಹಲ್ಲ ನೋವು" ಎಂದು ಆದೆಪ್ಪ ಮತ್ತೆ ಹೇಳಿದ. ನಗು ಬಂದಂತೆ ಅವನ ಹೊಟ್ಟೆ ಅಲುಗಿತು. ಆದರೆ ಅದು ನಗುವಾಗಲಿಲ್ಲ. "ದೇವರ ಆಟ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಜಿಲಾನಸಾಬಗೂ ಬೈದಿದ್ದಿಲ್ಲ. ದಿನಾ ಮುಂಜಾನಿ ದೇವರಿಗೆ ಕೈ ಮುಗದಾಗ ನಿನ್ನ ಹೆಸರೂ ತಗೋತಿದ್ದೆ. ಈಗ ಏನ್ ಮಾಡ್ಲಿ, ಹೇಳು?"

ಹುಲಗೆಮ್ಮ ಒಳಗೆ ಹೋದಳು. ಮಡಚಿಟ್ಟ ಒಂದು ಟವೆಲ್ಲು ತಂದು ಮಂಚದ ತುದಿಗೆ ಇಟ್ಟಳು. ಎಷ್ಟು ಸಲ ಒಗೆದಿದ್ದಳೋ, ಅಂಚಿನ ಕಂದು ಕಲೆ ಇನ್ನೂ ಉಳಿದಿತ್ತು.

"ಒಗದು ಇಟ್ಟಿದ್ದೆ, ನೀವು ಬಂದಾಗ ಕಾಯಿ ಇಟ್ಟು ಕೊಡೋಣಂತ. ತಗೊಂಡು ಹೋಗ್ರಿ. ನಮ್ಮನ್ಯಾಗ ಬ್ಯಾಡ."

ಬೈಗುಳಕ್ಕೆ ಅವನು ತಯಾರಾಗಿ ಹೋಗಿದ್ದ. ಹೊಡೆತಕ್ಕೂ ತಯಾರಾಗಿದ್ದ. ಆ ಟವೆಲ್ಲನ್ನು ಕೈಗೆತ್ತಿಕೊಳ್ಳುವುದಕ್ಕೆ ತಯಾರಾಗಿರಲಿಲ್ಲ. ಎತ್ತಿಕೊಂಡ. ಬಗಲಲ್ಲಿಟ್ಟುಕೊಂಡು ಯಲಬುರ್ಗಾದವರೆಗೂ ಬಿಸಿಲಲ್ಲಿ ನಡೆದ. ನಡುವೆ ಒಂದು ಬನ್ನಿ ಗಿಡದ ಕೆಳಗೆ ಕೂತು, ಯಾರೂ ಇಲ್ಲದ್ದು ನೋಡಿ, ಅತ್ತ.

ಅವನ ಕೆಲಸ ಹೋಯಿತು. ಕೇಸಿನಲ್ಲಿ ಜಿಲಾನಸಾಬನ ಹೆಸರಿನ ಜಾಗಕ್ಕೆ ಅವನ ಹೆಸರು ಬಂತು, ಸಾಕ್ಷಿ ಮುಚ್ಚಿದ್ದೂ ಸೇರಿತು. ದೊಡ್ಡಬಸಪ್ಪನನ್ನು ಬೇರೆ ಕಡೆ ಕಳಿಸಿದರು. ಕ್ವಾರಿಯಲ್ಲಿ ಕೆಲವು ಬದಲಾದವು. ಹಾರ್ನಿನ ಸಾಕೆಟ್ಟುಗಳಿಗೆ ಕಬ್ಬಿಣದ ಡಬ್ಬಿ ಕೂಡಿಸಿ ಬೀಗ ಹಾಕಿದರು. ಗಾಡಿ ಹಿಂದೆ ಸರಿಯುವಾಗ ಬಾವುಟ ಹಿಡಿದ ಒಬ್ಬ ನಿಂತಿರಲೇಬೇಕಾಯಿತು. ಇಳಿಯುವ ಡ್ರೈವರು, ಹತ್ತುವ ಡ್ರೈವರು ಇಬ್ಬರೂ ಕೂಡಿಯೇ ಗಾಡಿಯ ಸುತ್ತ ಬಂದು ಹಾಳೆಗೆ ಸಹಿ ಮಾಡಬೇಕೆಂದಾಯಿತು. ಜಿಲಾನಸಾಬ ಮತ್ತೆ ಕೆಲಸಕ್ಕೆ ಬಂದ, ಆದರೆ ಡಂಪರ್ ಹತ್ತಲು ಒಪ್ಪಲಿಲ್ಲ. ಹೊಸ ಡ್ರೈವರುಗಳಿಗೆ ಕಲಿಸುವ ಕೆಲಸಕ್ಕೆ ಹಾಕಿದರು. ಯಂಕೇಶ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಕೆಲಸಕ್ಕೆ ಸೇರಿದ. ಅಲ್ಲಿ ಅವನನ್ನು ಯಾರೂ ಹೆಚ್ಚು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎಂಟು ತಿಂಗಳ ಮೇಲೆ ಕುಷ್ಟಗಿಯ ಕೋರ್ಟಿನಲ್ಲಿ ಜಿಲಾನಸಾಬನ ಸಾಕ್ಷಿ ಇತ್ತು. ಯಂಕೇಶ ಕಟಕಟೆಯಲ್ಲಿ ನಿಂತಿದ್ದ. ಕೊಪ್ಪಳಕ್ಕೆ ಹೋಗಿ ಬಂದ ದಿನದ ನಂತರ ಇಬ್ಬರೂ ಮಾತಾಡಿರಲಿಲ್ಲ. ಸರ್ಕಾರಿ ವಕೀಲರು ಕೇಳಿದರು, ಹಾರ್ನ್ ಆಗಲಿಲ್ಲ ಎಂಬುದು ಖಚಿತವೇ? ಖಚಿತ ಎಂದ ಜಿಲಾನಸಾಬ. ಸ್ವರ ಗಟ್ಟಿಯಾಗಿತ್ತು. ಹಾಗಾದರೆ ಪೂರ್ತಿ ತಪ್ಪು ಈ ಆರೋಪಿಯದೇ ಎಂದಾಗ ಅವನು ಯಂಕೇಶನ ಕಡೆ ಕೈ ತೋರಿಸಿದ.

"ವೈರ್ ಬಿಚ್ಚಿದ್ದು ಅವನ್ರಿ. ಸುಳ್ಳ ಹೇಳಿದ್ದೂ ಅವನ. ಆದ್ರ ಗಾಡಿ ಹತ್ತೋ ಮೊದಲ ಸುತ್ತ ಬಂದು ನೋಡೋದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ನೋಡೀನಿ, ಅವತ್ತೊಂದಿನ ನೋಡಲಿಲ್ಲ. ನೋಡಿದ್ರ ಆದೆಪ್ಪ ಕುಂತಿದ್ದೂ ಕಾಣತಿತ್ತು, ವೈರೂ ಕಾಣತಿತ್ತು. ಅದನ್ನೂ ಬರಕೋರಿ."

ವಕೀಲರು ಅದನ್ನು ಬರೆಸುವುದು ಬೇಡ ಎಂದುಕೊಂಡಂತೆ ಕಂಡಿತು. ಜಿಲಾನಸಾಬ ಮತ್ತೊಮ್ಮೆ ಹೇಳಿದ. ಬರೆದುಕೊಂಡರು.

ಮಧ್ಯಾಹ್ನ ಕೋರ್ಟಿನ ಹೊರಗೆ ಚಹಾದಂಗಡಿಯ ಹತ್ತಿರ ಯಂಕೇಶ ಒಂದು ಬದಿಗೆ ನಿಂತಿದ್ದ. ಜಿಲಾನಸಾಬ ಎರಡು ಕಪ್ಪು ಹಿಡಿದು ಬಂದು ಒಂದನ್ನು ಅವನ ಕೈಗೆ ಕೊಟ್ಟ.

"ಆದೆಪ್ಪಣ್ಣ ಹ್ಯಾಂಗದಾನ ಕಾಕಾ?"

"ಕಾಲ ಹಾಕ್ಯಾರ. ನಡೀತಾನ. ಕ್ವಾರಿ ಆಫೀಸಿನ್ಯಾಗ ಕುಂದ್ರತಾನ." ಜಿಲಾನಸಾಬ ಕಪ್ಪಿನ ತಳ ನೋಡಿದ. "ನಿನ್ನ ಹೆಸರ ಎತ್ತಂಗಿಲ್ಲ. ನಾವೂ ಎತ್ತಂಗಿಲ್ಲ."

ಯಂಕೇಶ ತಲೆಯಾಡಿಸಿದ.

"ಹೊಸಾ ಡ್ರೈವರ್ ಬರ್ತಾರ" ಎಂದ ಜಿಲಾನಸಾಬ. "ಮೊದಲನೇ ದಿನ ಗಾಡಿ ಮುಟ್ಟಸಂಗಿಲ್ಲ, ಕುಂಡ್ರಿಸಿ ಈ ಕತಿ ಹೇಳ್ತೀನಿ. ಒಬ್ಬಾವ ಇದ್ದ, ಹಿಂಗ ಮಾಡಿದ ಅಂತ. ನಂದೂ ಹೇಳ್ತೀನಿ. ಕೇಳಿ ಅವರು ಅಂತಾರ, ಹಂಗ ಯಾರ ಮಾಡ್ತಾರ್ರಿ, ಕಟ್ಟಿ ಹೇಳ್ತೀರಿ ನೀವು ಅಂತ. ಹೆಸರ ಹೇಳಿದ್ರ ನಂಬ್ತಾರೇನೋ. ನಿನ್ನ ಕೇಳದ ಹೇಳೋದು ಬರೋಬ್ಬರಿ ಅಲ್ಲ ಅಂತ ಬಿಟ್ಟೀನಿ."

ಯಂಕೇಶ ಕಪ್ಪನ್ನು ಕೆಳಗಿಟ್ಟ. ಆ ಹುಡುಗರು ನಾಳೆ ಯಲಬುರ್ಗಾ, ಕುಷ್ಟಗಿ, ಹನುಮಸಾಗರದ ಹೋಟೆಲುಗಳಲ್ಲಿ ಕೂತು ತನ್ನ ಹೆಸರು ಹಿಡಿದು ಮಾತಾಡುವುದು ಅವನ ಕಣ್ಣಿಗೆ ಕಟ್ಟಿತು. ರಂಜಿತಾಳ ಮುಖವೂ ಕಂಡಿತು.

"ಹೇಳು ಕಾಕಾ" ಎಂದ. "ಹೆಸರೂ ಹೇಳು, ಊರೂ ಹೇಳು. ಮೊದಲ ಯಾವುದು ಮಾಡಿದ ಅನ್ನೋದನ್ನೂ ಹೇಳು."

ಜಿಲಾನಸಾಬ "ಆತು" ಎಂದ. ಕೋರ್ಟಿನ ಜವಾನ ಮತ್ತೆ ಹೆಸರು ಕೂಗಿದ. ಯಂಕೇಶ ಅಂಗಿ ಸರಿಮಾಡಿಕೊಂಡು ಒಳಗೆ ಹೋದ.